ಐಸಾಕ ಮಾಸ್ತರರ ಐದು ಶನಿವಾರಗಳು

ಜೋಯೆಲ್ ಆ ವಾರಪತ್ರಿಕೆಯನ್ನು ಊಟದ ಮೇಜಿನ ಮೇಲೆ ಎಸೆದ ರಭಸಕ್ಕೆ ಸಾರಿನ ಬಟ್ಟಲು ಮಗುಚಿಕೊಂಡಿತು. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಮೊದಲ ಪಾಳಿ ಮುಗಿಸಿ ಬಂದವನು ಕೈಕಾಲು ಸಹ ತೊಳೆದಿರಲಿಲ್ಲ. ಬೈರಿದೇವರಕೊಪ್ಪದ ಆ ಸಣ್ಣ ಮನೆಯಲ್ಲಿ ಇಷ್ಟು ದೊಡ್ಡ ದನಿ ಎದ್ದು ಹನ್ನೆರಡು ವರ್ಷಗಳಾಗಿದ್ದವು.

"ಶೈನಿ! ಇಲ್ಲಿ ಬಾ. ಇದನ್ನ ಓದು. ಎಲ್ಲಾರ ಮುಂದ ಗಟ್ಟಿಯಾಗಿ ಓದು!"

ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅವನ ಹೆಂಡತಿ ಅಡುಗೆಮನೆಯಿಂದ ಬಂದಳು. ಸಾರಿನಲ್ಲಿ ತೊಯ್ದ ಪುಟವನ್ನು ಎತ್ತಿ ನೋಡಿದಳು.

"ಏನ್ರಿ ಇದು? ಮಾವಾರು ಬರೆಯೋ ಧಾರಾವಾಹಿ ಅಲ್ಲೇನು?"

"ಹೌದು, ಮಾವಾರದ! 'ಶನಿವಾರದ ದ್ರೋಹಿ'! ಕ್ಯಾಂಟೀನಿನ್ಯಾಗ ನಮ್ಮ ಪಾಳಿ ಬಸವಕಿರಣ ಎಲ್ಲಾರಿಗೂ ಓದಿ ಹೇಳಾಕತ್ತಿದ್ದ. ಹಾಡಿನ ತಾಲೀಮಿಗಿ ಅಂತ ಮನ್ಯಾಗ ಸುಳ್ಳು ಹೇಳಿ ಹೋಗೋ ಹೆಂಗಸು... ಕೈಯಾಗ ಹಿಡಿಕಿ ಮುರಿದು ನೀಲಿ ದಾರ ಸುತ್ತಿದ ಡಬ್ಬಿ... ಓದಿ ಮುಗಿಸಿ ನನ್ನ ಮಾರಿ ನೋಡಿ ನಕ್ಕ, ಶೈನಿ! ಎಲ್ಲಾರೂ ನಕ್ಕರು! ಆ ಡಬ್ಬಿ ನಮ್ಮ ಮನ್ಯಾಗ ಐತಿ. ಆ ನೀಲಿ ದಾರ ನಾನ ಸುತ್ತೇನಿ!"

ಕಳೆದ ಆರೇಳು ವಾರಗಳಿಂದ ಚರ್ಚಿನಲ್ಲಿ ತಾನು ಹತ್ತಿರ ಹೋದೊಡನೆ ಹೆಂಗಸರು ಮಾತು ನಿಲ್ಲಿಸುತ್ತಿದ್ದುದು ಏಕೆಂದು ಶೈನಿಗೆ ಈಗ ತಿಳಿಯಿತು.

"ಶನಿವಾರ ನೀ ಎಲ್ಲಿ ಹೋಗ್ತಿ? ಹೇಳು... ನೀ ಹೇಳಿದ್ದು ನಾ ನಂಬ್ತೇನಿ. ಒಂದ ಮಾತು ಹೇಳು!"

ಶೈನಿ ಮೂಲೆಯ ಕುರ್ಚಿಯಲ್ಲಿ ಬಾತ ಮೊಣಕಾಲು ಚಾಚಿ ಕುಳಿತಿದ್ದ ಅತ್ತೆ ಫ್ಲೋರೆನ್ಸಮ್ಮನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು. ಗಂಡನ ಮುಂದೆ ಹೆಂಡತಿಯೊಬ್ಬಳು ಹಾಗೆ ತಲೆ ತಗ್ಗಿಸಿ ನಿಂತರೆ ಜಗತ್ತು ಏನು ತಿಳಿಯುತ್ತದೋ ಜೋಯೆಲ್ ಕೂಡ ಅದನ್ನೇ ತಿಳಿದ. ಪಕ್ಕದ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅಲ್ಲಿ, ಎಂಟನೆಯ ಕಂತಿನ ಹಾಳೆಯ ಮೇಲೆ ಪೆನ್ನು ಹಿಡಿದುಕೊಂಡು, ಐಸಾಕ ಮಾಸ್ತರರು ಇದೆಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

ಈ ಐಸಾಕ ಮಾಸ್ತರರು ಯಾರೆಂದು ಹೇಳಿಬಿಡುತ್ತೇನೆ. ಮಿಷನ್ ಶಾಲೆಯಲ್ಲಿ ಮೂವತ್ತೊಂದು ವರ್ಷ ಭೂಗೋಳ ಕಲಿಸಿದವರು. ಅದರ ಜೊತೆಗೇ ತೊಂಬತ್ತನಾಲ್ಕು ಗೂಢಚಾರಿಕೆಯ ಕಾದಂಬರಿ ಬರೆದವರು. ಒಂದು ಕಾಲಕ್ಕೆ ಹುಬ್ಬಳ್ಳಿ ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿ ಅವರ 'ಏಜೆಂಟ್ ಮೃಗೇಂದ್ರ' ಬಾಳೆಹಣ್ಣಿಗಿಂತ ಬೇಗ ಖರ್ಚಾಗುತ್ತಿದ್ದ. ಮೃಗೇಂದ್ರ ಬರ್ಲಿನ್ನಿನ ಗಲ್ಲಿಗಳಲ್ಲಿ ಓಡುತ್ತಿದ್ದ, ಇಸ್ತಾಂಬುಲ್ಲಿನ ಮಾಳಿಗೆಗಳಿಂದ ಹಾರುತ್ತಿದ್ದ. ಮಾಸ್ತರರು ಮಾತ್ರ ಗೋವಾ ದಾಟಿ ಆಚೆ ಹೋದವರಲ್ಲ! ಎಲ್ಲವೂ ಶಾಲೆಯ ನಕಾಶೆಪುಸ್ತಕದ ಪುಣ್ಯ. ಪ್ರತಿ ಪುಸ್ತಕದ ಹಿಂಬದಿಯಲ್ಲಿ ಮೃಗೇಂದ್ರನ ನಿಯಮ ದಪ್ಪ ಅಕ್ಷರದಲ್ಲಿ ಇರುತ್ತಿತ್ತು: 'ಕೇಳಬೇಡ, ನೋಡು. ಕೇಳಿದರೆ ಸುಳ್ಳು ಸಿಗುತ್ತದೆ, ನೋಡಿದರೆ ಸತ್ಯ.' ಬರೆದು ಬರೆದು ಮಾಸ್ತರರಿಗೆ ಅದು ವೇದವಾಕ್ಯದಂತೆ ಆಗಿಬಿಟ್ಟಿತ್ತು. ಮನೆಯಲ್ಲಿ ಅವರು ಯಾರ ಮೇಲೂ ಕೂಗಾಡಿದವರಲ್ಲ. ಆದರೆ ಯಾರನ್ನೂ ಏನನ್ನೂ ಕೇಳಿದವರೂ ಅಲ್ಲ.

ಆಮೇಲೆ ಓದುವವರು ಮೊಬೈಲಿನ ಪಾಲಾದರು. ಆರು ವರ್ಷ ಮಾಸ್ತರರ ಪೆನ್ನು ಒಣಗಿತ್ತು. ಈ ವರ್ಷ ಹುಬ್ಬಳ್ಳಿಯ ವಾರಪತ್ರಿಕೆಯೊಂದರ ಸಂಪಾದಕ ಹಳೆಯ ಪ್ರೀತಿಯಿಂದ ಒಂದು ಧಾರಾವಾಹಿ ಕೇಳಿದ. ಮೂರು ತಿಂಗಳು ಖಾಲಿ ಹಾಳೆಯ ಮುಂದೆ ಕೂತರೂ ಒಂದು ಸಾಲು ಹುಟ್ಟಲಿಲ್ಲ. ಹೀಗಿರುವಾಗ ಜೂನ್ ತಿಂಗಳ ಒಂದು ಭಾನುವಾರ, ಚರ್ಚಿನಲ್ಲಿ ಆರ್ಗನ್ ನುಡಿಸುವ ಆರನ್ ಅವರನ್ನು ನಿಲ್ಲಿಸಿ, "ಮಾಸ್ತರ, ನಿಮ್ಮ ಸೊಸಿ ನಾಕು ತಿಂಗಳಾತು ಶನಿವಾರದ ತಾಲೀಮಿಗಿ ಬಂದಿಲ್ಲಲ್ರಿ. ಗಂಟಲಾ ಛಲೋ ಐತಿಲ್ಲೋ?" ಎಂದ. ಬೇರೆ ಮಾವನಾಗಿದ್ದರೆ ಮನೆಗೆ ಬಂದು, "ಏನವ್ವಾ, ತಾಲೀಮಿಗೆ ಹೋಗಲಿಲ್ಲವಂತೆ?" ಎಂದು ಕೇಳಿಬಿಡುತ್ತಿದ್ದ. ಅಷ್ಟು ಕೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಮಾಸ್ತರರು ಕೇಳಲಿಲ್ಲ, ಬೆನ್ನು ಹತ್ತಿದರು.

ಮಂಗನ ಟೋಪಿ, ಕಪ್ಪು ಕನ್ನಡಕ, ಕೊಡೆ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ನಿಜವಾದ ಮನುಷ್ಯರೊಬ್ಬರ ಹಿಂದೆ ಹೋಗುತ್ತಿದ್ದರು. ಎಂಥ ಹುರುಪು! ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತು ಸೊಸೆಯ ಜಡೆಯನ್ನೇ ನೋಡುತ್ತಿದ್ದಾಗ ಅವರ ಎದೆ ಹರೆಯದವರಂತೆ ಹೊಡೆದುಕೊಳ್ಳುತ್ತಿತ್ತು. ಶೈನಿ ಧಾರವಾಡದಲ್ಲಿ ಇಳಿದಳು. ಕೆಲಗೇರಿಯ ಬಸ್ಸು ಎದುರಿಗೇ ನಿಂತಿದ್ದರೂ ಹತ್ತದೆ ಅದನ್ನು ಬಿಟ್ಟು, ಮುಂದಿನದಕ್ಕೆ ಕಾದಳು. 'ಹಿಂದೆ ಯಾರಾದರೂ ಇದ್ದಾರೆಯೇ ಎಂದು ಪರೀಕ್ಷೆ. ನುರಿತವಳು,' ಎಂದು ಮಾಸ್ತರರು ಕಿರುಪುಸ್ತಕದಲ್ಲಿ ಗುರುತು ಹಾಕಿಕೊಂಡರು. ಕೆಲಗೇರಿ ಕೆರೆಯ ಹತ್ತಿರ ಹಸಿರು ಗೇಟಿನ ಮನೆ. ಹಣೆಗೆ ವಿಭೂತಿ ಹಚ್ಚಿದ ನಲವತ್ತರ ಗಂಡಸೊಬ್ಬ ಬಾಗಿಲು ತೆಗೆದ. ಅವಳ ಕೈಯಿಂದ ಡಬ್ಬಿ ತೆಗೆದುಕೊಂಡ. ಬಾಗಿಲು ಮುಚ್ಚಿತು. ಒಂದು ಗಂಟೆ ಐವತ್ತು ನಿಮಿಷ! ಮಾಸ್ತರರು ಎದುರಿನ ಹುಣಸೆಮರದ ಮರೆಯಲ್ಲಿ ನಿಂತು ಎಲ್ಲವನ್ನೂ ಬರೆದುಕೊಂಡರು.

ಐದು ಶನಿವಾರ ಹೀಗೆ ಹೋದರು. ಆರನೆಯದಕ್ಕೆ ಹೋಗಲಿಲ್ಲ, ಏಕೆಂದರೆ ಸಾಕಷ್ಟು ಸರಕು ಸಿಕ್ಕಿತ್ತು. ಒಣಗಿದ್ದ ಪೆನ್ನಿಗೆ ಮಸಿ ಬಂದಿತ್ತು. ಮಗನಿಗೆ ಹೇಳಲಿಲ್ಲ, ಹೆಂಡತಿಗೆ ಹೇಳಲಿಲ್ಲ. ಕಾದಂಬರಿಗೆ ಹೇಳಿದರು! ವಿಭೂತಿಯವನು ಶತ್ರುದೇಶದ ಏಜೆಂಟ್ ಆದ. ಡಬ್ಬಿಯಲ್ಲಿ ಮಿಲಿಟರಿಯ ಗುಪ್ತ ಕಾಗದಗಳು ತುಂಬಿಕೊಂಡವು. ಸೊಸೆ ಮನೆಗೂ ದೇಶಕ್ಕೂ ಎರಡು ಬಗೆದ ಹೆಂಗಸಾದಳು. ವಿವರ ಕರಾರುವಾಕ್ಕಾಗಿರಬೇಕು ಎಂಬುದು ಅವರ ಕಸುಬಿನ ಹೆಮ್ಮೆ. ಅದಕ್ಕಾಗಿ ನೀಲಿ ದಾರವನ್ನೂ ಬಿಡಲಿಲ್ಲ, ಹಾಡಿನ ತಾಲೀಮನ್ನೂ ಬಿಡಲಿಲ್ಲ.

ಈಗ ಮಗನ ಕೂಗು ಕೇಳಿ ಎದ್ದು ಬಂದರು. ಕೈಯಲ್ಲಿ ಆ ಕಿರುಪುಸ್ತಕ ಇತ್ತು.

"ಅಪ್ಪಾ, ಇದು ಬರೇ ಕತಿ ಅಂತ ಹೇಳಪ್ಪಾ," ಎಂದ ಜೋಯೆಲ್. "ಸುಮ್ನ ಬರದೇನಿ ಅಂತ ಹೇಳು."

ಆ ಕ್ಷಣದಲ್ಲಿ ಮಾಸ್ತರರು ಒಂದು ಸುಳ್ಳು ಹೇಳಿ ಮನೆ ಉಳಿಸಬಹುದಿತ್ತು. ಸೊಸೆಯ ಮುಖವನ್ನಾದರೂ ಒಮ್ಮೆ ನೋಡಬಹುದಿತ್ತು. ಅವರು ಕನ್ನಡಕ ಸರಿಮಾಡಿಕೊಂಡು ಪುಸ್ತಕ ತೆರೆದರು.

"ಜೂನ್ ಇಪ್ಪತ್ತೆಂಟು. ಮೂರು ಹತ್ತಕ್ಕ ಮನಿ ಬಿಟ್ಲು. ನಾಕು ಇಪ್ಪತ್ತೈದಕ್ಕ ಕೆಲಗೇರಿ. ಗಂಡಸು ಬಾಗಲಾ ತಗದಾ. ಆರು ಹದಿನೈದಕ್ಕ ಹೊರಗ ಬಂದ್ಲು, ಕಣ್ಣ ಒರಿಸಿಕೊಂತ... ನಾ ಕಣ್ಣಾರೆ ನೋಡೇನಿ ಜೋಯೆಲ್. ಐದು ಶನಿವಾರ ನೋಡೇನಿ."

"ಮಾವಾರ..." ಎಂದಳು ಶೈನಿ. ಅವಳ ಕಣ್ಣಲ್ಲಿ ಕೋಪ ಇರಲಿಲ್ಲ. ಏನೋ ನಂಬಲಾಗದ ಬೆರಗು ಇತ್ತು. "ನೀವು... ಅದಕ್ಕ ಬಂದಿದ್ರೇನ್ರಿ? ಬರಕೊಳ್ಳಾಕ ಬಂದಿದ್ರೇನ್ರಿ?"

ಅಷ್ಟರಲ್ಲಿ ಕುರ್ಚಿ ಕಿರುಗುಟ್ಟಿತು. ಎರಡು ವರ್ಷದಿಂದ ಯಾರದಾದರೂ ಹೆಗಲಿಲ್ಲದೆ ಏಳಲಾರದ ಫ್ಲೋರೆನ್ಸಮ್ಮ ಗೋಡೆ ಹಿಡಿದು ಎದ್ದು ನಿಂತರು. ಕಪಾಟಿನಿಂದ ಮನೆಯ ದೊಡ್ಡ ಬೈಬಲ್ಲನ್ನು ತೆಗೆದು ಮೇಜಿನ ಮೇಲೆ ಇಟ್ಟು, ಮೊದಲ ಪುಟ ತೆರೆದರು. ಅದು ಮನೆತನದ ಹುಟ್ಟು, ಮದುವೆ, ಸಾವುಗಳನ್ನು ಬರೆದಿಡುವ ಪುಟ. ನಾಲ್ಕು ತಲೆಮಾರಿನ ಹೆಸರುಗಳ ನಡುವೆ ಒಂದರ ಮೇಲೆ ಕೆಂಪು ಮಸಿಯ ದಪ್ಪ ಗೆರೆ. ಕೆಳಗೆ ಇನ್ನೂ ಓದಬಹುದಾಗಿತ್ತು: ಶ್ಯಾರನ್.

"ಹನ್ನೆರಡು ವರ್ಷದ ಹಿಂದ ಇದರಾಗಿಂದ ಹೊಡದು ಹಾಕಿದ್ರಿ," ಎಂದರು ಫ್ಲೋರೆನ್ಸಮ್ಮ. "ಲಿಂಗವಂತರ ಹುಡುಗನ್ನ ಲಗ್ನ ಆದ್ಲು ಅಂತ. ಆಕಿ ಹೆಸರು ಈ ಮನ್ಯಾಗ ಯಾರೂ ಎತ್ತಬಾರದು ಅಂದ್ರಿ. ನಾ ಎತ್ತಲಿಲ್ಲ. ಆದ್ರ ನನ್ನ ಹೊಟ್ಟಿಯೊಳಗಿಂದ ಹೊಡದು ಹಾಕಾಕ ಆದೀತೇನ್ರಿ?... ಆ ಹಸಿರು ಗೇಟಿನ ಮನಿ ನಿಮ್ಮ ಮಗಳದು! ಬಾಗಲಾ ತಗದಾವಾ ನಿಮ್ಮ ಅಳಿಯಾ, ಬಸವಪ್ರಭು! ಒಂದಿನಾನೂ ಅವನ ಮಾರಿ ನೋಡಿದವರಲ್ಲ ನೀವು. ಗುರ್ತು ಹೆಂಗ ಹತ್ತಬೇಕು?"

ಮಾಸ್ತರರು ಕಿರುಪುಸ್ತಕ ಮುಚ್ಚಿದರು. ಫ್ಲೋರೆನ್ಸಮ್ಮ ನಿಲ್ಲಿಸಲಿಲ್ಲ.

"ಶ್ಯಾರನ್ನಗ ಕ್ಯಾನ್ಸರ್. ಫೆಬ್ರುವರಿಯಾಗ ಅಳಿಯಾ ಫೋನ್ ಮಾಡಿ ಅತ್ತ. ಡಾಕ್ಟರು ಇನ್ನ ಔಷಧ ಸಾಕು, ಮನ್ಯಾಗ ಇಟಗೋರಿ ಅಂದಾರಂತ. ಆಕಿಗಿ ನನ್ನ ಕೈಯಾನ ಕೋಳಿ ಸಾರು ಬೇಕಾಗಿತ್ತು... ಅಷ್ಟ ಬೇಕಾಗಿತ್ತು! ನನಗ ಕಾಲಿಲ್ಲ. ಈ ಹುಡುಗಿನ್ನ ಕೂಡ್ರಿಸಿಕೊಂಡು ಪ್ರಾರ್ಥನಾ ಮಾಡಿ ಮಾತು ತಗೊಂಡೆ. ಯಾರಿಗೂ ಹೇಳಬ್ಯಾಡ, ಗಂಡಗೂ ಹೇಳಬ್ಯಾಡ, ಅವಾ ಅಪ್ಪನ ಮುಂದ ಬಾಯಿ ಬಿಡ್ತಾನ ಅಂತ. ಆಕಿ ಕೊಟ್ಟ ಮಾತು ಉಳಿಸಿಕೊಂಡ್ಲು. ಈಗ ನೋಡ್ರಿ, ಯಾರ ಮಾನ ಹೋತು!"

ಜೋಯೆಲ್ ಗೋಡೆಗೆ ಒರಗಿ ಕುಳಿತ. "ಅಕ್ಕಾ..." ಎಂದು ಒಂದೇ ಮಾತು ಬಂತು. ಅಕ್ಕನ ಹೆಗಲ ಮೇಲೆ ಕೂತು ಶಾಲೆಗೆ ಹೋದ ಹುಡುಗ ಅವನು. ಅಪ್ಪನ ಮಾತಿಗೆ ಹೆದರಿ ಅಕ್ಕನಿಗೆ ಹನ್ನೆರಡು ವರ್ಷ ಒಂದು ಫೋನೂ ಮಾಡಿರಲಿಲ್ಲ. ಆಮೇಲೆ ಹೆಂಡತಿಯ ಕಡೆ ತೆವಳಿಕೊಂಡೇ ಹೋಗಿ ಅವಳ ಪಾದದ ಹತ್ತಿರ ಮುಖ ಮುಚ್ಚಿಕೊಂಡ. ಶೈನಿ ಅವನ ತಲೆಯ ಮೇಲೆ ಕೈ ಇಟ್ಟಳು, ಆದರೆ ಅವಳ ಕಣ್ಣು ಮಾವನ ಮೇಲೆಯೇ ಇತ್ತು.

"ಮಾವಾರ, ನೀವು ನನ್ನ ಹಿಂದ ಬರಾಕತ್ತೀರಿ ಅಂತ ನನಗ ಮೊದಲನೇ ದಿನಾನ ಗೊತ್ತಾಗಿತ್ರಿ," ಎಂದಳು ಮೆಲ್ಲಗೆ. "ನೀವು ಹಚ್ಚಿಕೊಳ್ಳೋ ನೀಲಗಿರಿ ಎಣ್ಣಿ ವಾಸನಿ ಬಸ್ ತುಂಬ ಇತ್ತು. ನಿಮಗ ವಿಷಯ ಗೊತ್ತಾಗೇತಿ, ಮಗಳ್ನ ನೋಡಬೇಕು ಅನಿಸೇತಿ, ನಮ್ಮ ಮುಂದ ಹೇಳಾಕ ಆಗವಲ್ದು ಅಂತ ತಿಳಕೊಂಡೆ. ಸಂತೋಷ ಆತ್ರಿ ನನಗ. ಧಾರವಾಡದಾಗ ನಿಮಗ ಲಗೂ ಇಳಿಯಾಕ ಆಗತಿದ್ದಿಲ್ಲ. ಅದಕ್ಕ ಒಂದು ಬಸ್ ಬಿಟ್ಟು ಕಾಯತಿದ್ದೆ... ನೀವು ಹಿಂದ ಉಳಿಬಾರದು ಅಂತ."

ಮಾಸ್ತರರಿಗೆ ಕುಳಿತುಕೊಳ್ಳಲು ಕುರ್ಚಿ ಸಿಗಲಿಲ್ಲ. 'ಪರೀಕ್ಷೆ. ನುರಿತವಳು.' ತಾವೇ ಬರೆದ ಅಕ್ಷರಗಳು ಕಣ್ಣ ಮುಂದೆ ಕುಣಿದವು. ಆದರೆ ಶೈನಿಯ ಮಾತು ಇನ್ನೂ ಮುಗಿದಿರಲಿಲ್ಲ.

"ಶ್ಯಾರನ್ ಅಕ್ಕನೂ ನಿಮ್ಮನ್ನ ನೋಡ್ಯಾರ್ರಿ. ಕಿಟಕಿಯಿಂದ. ಎರಡೂ ಕೈ ಹಿಂದ ಕಟಗೊಂಡು, ಸಾಲಿ ಪರೀಕ್ಷಾದಾಗ ಹುಡುಗೂರ ನಡುವ ಅಡ್ಡಾಡಿದಂಗ ಹುಣಸಿಮರದ ಕೆಳಗ ಅಡ್ಡಾಡತಿದ್ರೆಲ್ಲಾ... 'ಅಪ್ಪಾ ಬಂದಾನ! ಶೈನಿ, ಅಪ್ಪಾ ಬಂದಾನ!' ಅಂತ ಕೈ ಹಿಡಕೊಂಡು ಅತ್ತರು. ಕರೀಲೇನು ಅಂದ್ರ ಬ್ಯಾಡ ಅಂದ್ರು. 'ತಾನ ಬರ್ತಾನ, ಒಂದ ದಿನ ಗೇಟ್ ತಗದು ಒಳಗ ಬರ್ತಾನ' ಅಂದ್ರು. ಪ್ರತಿ ಶನಿವಾರ ತಲಿಗಿ ಛಲೋ ಸ್ಕಾರ್ಫ್ ಕಟ್ಟಿಸಿಕೊಂಡು, ಮಂಚದ ಬಾಜೂಕ ಒಂದು ಕುರ್ಚಿ ಹಾಕಸ್ತಾರ. ನೀವು ಬರೂದು ಬಿಟ್ಟ ಮ್ಯಾಲೂ ಹಾಕಸ್ತಾರ. 'ಅಪ್ಪಾ ಈಗ ಯಾಕ ಬರವಲ್ಲ?' ಅಂತ ಪ್ರತಿ ವಾರ ಕೇಳ್ತಾರ. ನಾ ಏನ ಹೇಳಲಿ? ಮಳಿ ಐತಿ, ಬಂದಿಲ್ಲ ಅಂತೇನಿ."

ಓದುಗರೇ, ಮನುಷ್ಯನಿಗೆ ಎಷ್ಟೋ ಬಗೆಯ ನಾಚಿಕೆಗಳಿವೆ. ಕದ್ದು ಸಿಕ್ಕಿಬಿದ್ದವನ ನಾಚಿಕೆಗೆ ಒಂದು ಶಿಕ್ಷೆಯಾದರೂ ಇರುತ್ತದೆ. ದ್ವೇಷದ ಕಣ್ಣಿನಿಂದ ನೋಡುತ್ತಿದ್ದಾಗ ತನ್ನನ್ನು ಪ್ರೀತಿಯ ಕಣ್ಣುಗಳು ಎದುರಿನಿಂದ ನೋಡುತ್ತಿದ್ದವೆಂದು ತಿಳಿದವನು ಏನು ಮಾಡಬೇಕು? ಐಸಾಕ ಮಾಸ್ತರರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು. ಅಳಲು ಕೂಡ ಅವರಿಗೆ ನಾಚಿಕೆಯಾಯಿತು.

ಕೊನೆಗೆ ಅವರು, "ನಾ ಬರೀತೇನಿ," ಎಂದರು. "ಮುಂದಿನ ವಾರ ಅದ ಪುಟದಾಗ ನಡದಿದ್ದೆಲ್ಲಾ ಬರೀತೇನಿ. ಸೊಸಿ ನಿರ್ದೋಷಿ, ನಾ ಪಾಪಿ ಅಂತ. ಓದಿದವರೆಲ್ಲಾ ತಿಳಕೊಳ್ಳಲಿ."

"ಬ್ಯಾಡ್ರಿ ಮಾವಾರ!" ಶೈನಿ ಬೆಚ್ಚಿಬಿದ್ದವಳಂತೆ ಅಂದಳು. "ಪತ್ರಿಕಾದಾಗ ಬಂದ್ರ ಕೆಲಗೇರಿಗೂ ಮುಟ್ಟತೈತಿ. ನೀವು ಮಗಳ್ನ ನೋಡಾಕ ಬಂದಿದ್ದಲ್ಲ ಅಂತ ಅಕ್ಕಗ ಗೊತ್ತಾಗತೈತಿ. ಆಕಿ ಕೈಯಾಗ ಇರೂದು ಅದೊಂದ ಸಂತೋಷರಿ. ಅದನ್ನ ಕಸಗೋಬ್ಯಾಡ್ರಿ. ಜನ ನನಗ ಏನ ಬೇಕಾದ್ದು ಅನ್ನಲಿ... ನನ್ನ ಗಂಡಗ ಗೊತ್ತಾತಲ್ಲ, ನನಗ ಸಾಕು. ಅಕ್ಕ ಇರೂತನಕ ನಾ ತಡಕೊಂತೇನಿ."

ಯಾರ ಮಾನವನ್ನು ಅವರು ಏಳು ವಾರ ಬೀದಿಯಲ್ಲಿ ಹರಡಿದ್ದರೋ ಅವಳು ಆಡಿದ ಮಾತು ಇದು! ಮಾಸ್ತರರು ಕೋಣೆಗೆ ಹೋಗಿ ಎಂಟನೆಯ ಕಂತನ್ನು ಹರಿದು ಹಾಕಿದರು. ಸಂಪಾದಕನಿಗೆ ಫೋನ್ ಮಾಡಿ ಧಾರಾವಾಹಿ ನಿಲ್ಲಿಸಬೇಕೆಂದರು. "ಏನ್ರಿ ಮಾಸ್ತರ, ಆಕಿ ಸಿಕ್ಕಿಬೀಳೋ ಪ್ರಸಂಗ ಬರೂದಿತ್ತು, ಓದುಗರು ಕಾಯಾಕತ್ತಾರ!" ಎಂದು ಅವನು ಗೋಗರೆದ. "ಕತಿ ತಪ್ಪಾಗೇತಿ. ಲೇಖಕ ಇನ್ನ ಬರಿಯೂದಿಲ್ಲ ಅಂತ ಹಾಕ್ರಿ," ಎಂದು ಫೋನ್ ಇಟ್ಟರು. ನಲವತ್ತು ವರ್ಷದ ಬರವಣಿಗೆ ಅಲ್ಲಿಗೆ ಮುಗಿಯಿತು, ಅದಕ್ಕಾಗಿ ಅವರಿಗೆ ಒಂದು ತೊಟ್ಟು ದುಃಖವೂ ಆಗಲಿಲ್ಲ.

ಶನಿವಾರ ಬಂತು. ಮಾಸ್ತರರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಚಪ್ಪಲಿ ಮೆಟ್ಟಿ ಬಾಗಿಲಿಗೆ ಬಂದವರು ಹೊಸ್ತಿಲು ದಾಟಲಾರದೆ ನಿಂತರು. "ಈ ಮಾರಿ ಹೊತಗೊಂಡು ಹೆಂಗ ಹೋಗಲಿ, ಶೈನಿ? ನೀ ಹೋಗಿ ಬಾ," ಎಂದು ಒಳಗೆ ಹೋದರು. ಅವಳು ಒಬ್ಬಳೇ ಹೋಗಿ ಬಂದಳು. ಕುರ್ಚಿ ಹಾಕಿತ್ತೇ ಎಂದು ಅವರು ಕೇಳಿದರು. ಬಹುಶಃ ಆ ಮನೆಯಲ್ಲಿ ಅವರು ಕೇಳಿದ ಮೊದಲ ನೇರ ಪ್ರಶ್ನೆ ಅದು.

"ಹಾಕಿತ್ರಿ," ಎಂದಳು ಶೈನಿ. "ಈ ಸಲ ಅಕ್ಕಗ ಎದ್ದು ಕುಂಡ್ರಾಕ ಆಗಲಿಲ್ಲ. ಮಲಕೊಂಡ ಕಿಟಕಿ ನೋಡತಿದ್ರು."

ಮರುದಿನ ಭಾನುವಾರ, ತಿಂಗಳಿಗೊಮ್ಮೆ ರೊಟ್ಟಿ-ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಆರಾಧನೆ. ಬೆಳಿಗ್ಗೆ ಬೇಗ ಎದ್ದು ಫ್ಲೋರೆನ್ಸಮ್ಮ ಕೋಳಿ ಸಾರು ಕುದಿಸಿದರು. ಆರಾಧನೆ ಮುಗಿದೊಡನೆ ಅಲ್ಲಿಂದಲೇ ಕೆಲಗೇರಿಗೆ ಹೋಗುವುದೆಂದು ಮಾಸ್ತರರೇ ಹೇಳಿದ್ದರು. ಶೈನಿ ಆ ಡಬ್ಬಿಯನ್ನು ಚೀಲದಲ್ಲಿ ಮುಚ್ಚಿ ಇಡಲು ಹೋದಳು. "ಮುಚ್ಚಬ್ಯಾಡ. ನಾ ಹಿಡಕೊಂತೇನಿ," ಎಂದು ಮಾಸ್ತರರು ತೆಗೆದುಕೊಂಡರು. ನೀಲಿ ದಾರ ಸುತ್ತಿದ ಡಬ್ಬಿಯನ್ನು ಹಿಡಿದು ಅವರು ಚರ್ಚಿನ ನಡುದಾರಿಯಲ್ಲಿ ನಡೆದಾಗ ಎರಡೂ ಬದಿಯ ಬೆಂಚುಗಳಲ್ಲಿ ಗುಸುಗುಸು ಎದ್ದಿತು. ಒಬ್ಬ ಹೆಂಗಸು ಪಕ್ಕದವಳನ್ನು ಮೊಣಕೈಯಿಂದ ತಿವಿದದ್ದನ್ನು ಶೈನಿ ನೋಡಿ ಕಣ್ಣು ಮುಚ್ಚಿಕೊಂಡಳು.

ನೆರೆಯವರೊಡನೆ ಸಮಾಧಾನದಿಂದ ಇರುವವರು ಮುಂದೆ ಬರಲಿ ಎಂದು ಸಭಾಪಾಲಕರು ಕರೆದರು. ಜನ ಏಳುವ ಮೊದಲೇ ಮಾಸ್ತರರು ಎದ್ದು ನಿಂತರು.

"ಅಯ್ಯನವರ, ನಾ ಬರಂಗಿಲ್ಲ. ಬರಾಕ ಯೋಗ್ಯತಾ ಇಲ್ಲ. ಆದ್ರ ಒಂದ ಮಾತು ಹೇಳಾಕ ಅಪ್ಪಣಿ ಕೊಡ್ರಿ."

ಮಕ್ಕಳಿಗೆ ಭೂಪಟ ತೋರಿಸಿದ ಆ ಕೈ ಡಬ್ಬಿಯನ್ನು ಮೇಲೆತ್ತಿತು.

"ಇದರಾಗ ಏನೈತಿ ಅಂತ ಏಳು ವಾರ ನೀವೆಲ್ಲಾ ಓದೀರಿ. ಇದರಾಗ ಇರೂದು ಕೋಳಿ ಸಾರು. ಸಾಯಾಕತ್ತ ನನ್ನ ಮಗಳಿಗಿ... ಹೌದು, ಶ್ಯಾರನ್ನಗ... ನನ್ನ ಸೊಸಿ ಇದನ್ನ ಹೊತ್ತಾಳ, ನಾ ಹನ್ನೆರಡು ವರ್ಷ ಕಾಲಿಡದ ಮನಿಗಿ. ನಾ ಕಳ್ಳನಂಗ ಆಕಿ ಬೆನ್ನ ಹತ್ತಿ, ಆಕಿನ್ನ ಕೇಳದ, ಆಕಿ ಮ್ಯಾಲ ಕೆಸರು ಬರದೇನಿ. ಹೆಸರಿಗಿ ಆಶಾ ಮಾಡಿ ಬರದೇನಿ. ನೀವು ಯಾರಾದ್ರೂ ಆಕಿನ್ನ ನೋಡಿ ನಕ್ಕಿದ್ರ, ಆ ನಗಿ ನನಗ ಸಲ್ಲಬೇಕು." ಅವರು ಡಬ್ಬಿಯನ್ನು ಕೆಳಗಿಳಿಸಿದರು. "ಇನ್ನೊಂದು... ನನ್ನ ಮಗಳಿಗಿ ಈ ಕತಿ ಗೊತ್ತಿಲ್ಲ. ಅಪ್ಪಾ ತನ್ನ ನೋಡಾಕ ಬಂದಿದ್ದ ಅಂತ ತಿಳದಾಳ. ನಿಮ್ಮನ್ನ ಬೇಡಾಕ ನನಗ ಮುಖ ಇಲ್ಲ. ಆದ್ರೂ ಬೇಡಾಕತ್ತೇನಿ, ಆಕಿ ಮುಂದ ಯಾರೂ ಹೇಳಬ್ಯಾಡ್ರಿ!"

ಆರ್ಗನ್ನಿನ ಮುಂದೆ ಆರನ್ ತಲೆ ತಗ್ಗಿಸಿದ್ದ. ಮೊಣಕೈಯಿಂದ ತಿವಿದಿದ್ದ ಆ ಹೆಂಗಸು ಎದ್ದು ಬಂದು ಶೈನಿಯ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು. ಮಾಸ್ತರರು ಮಾತ್ರ ಎಲ್ಲರೂ ಭೋಜನ ಮುಗಿಸಿ ಮರಳುವವರೆಗೂ ತಮ್ಮ ಬೆಂಚಿನಲ್ಲಿ ಒಬ್ಬರೇ ನಿಂತಿದ್ದರು.

ಫ್ಲೋರೆನ್ಸಮ್ಮನನ್ನು ಸಂಜೆ ಕಾರು ಮಾಡಿ ಕರೆತರುತ್ತೇನೆಂದು ಜೋಯೆಲ್ ಹೇಳಿದ. ಮಾವ ಸೊಸೆ ಚಿಗರಿ ಬಸ್ಸು ಹತ್ತಿದರು. ಅಭ್ಯಾಸಬಲದಿಂದ ಮಾಸ್ತರರು ಹಿಂದಿನ ಸೀಟಿನ ಕಡೆ ಹೊರಟರು. "ಇಲ್ಲೆ ಬರ್ರಿ ಮಾವಾರ, ನನ್ನ ಬಾಜೂಕ ಕುಂಡ್ರಿ," ಎಂದು ಶೈನಿ ಕರೆದಳು. ಅವರು ಕುಳಿತು, ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಧಾರವಾಡ ಬರುವವರೆಗೂ ಅದರ ಮೇಲಿಂದ ಕಣ್ಣೆತ್ತಲಿಲ್ಲ. "ಶೈನಿ, ನನ್ನ ಕ್ಷಮಾ ಮಾಡು ಅಂತ ಕೇಳಾಕೂ ಹೆದರಿಕಿ ಆಗತೈತಿ," ಎಂದರು ಇಳಿಯುವಾಗ. "ಕೇಳಬ್ಯಾಡ್ರಿ ಈಗ. ನನಗ ಇನ್ನೂ ಸಿಟ್ಟೈತಿ," ಎಂದಳು ಅವಳು, ಆದರೆ ಅವರ ಮೊಣಕೈ ಹಿಡಿದು ಇಳಿಸಿದಳು.

ಹಸಿರು ಗೇಟಿನಲ್ಲಿ ಬಸವಪ್ರಭು ನಿಂತಿದ್ದ. ಹಣೆಯ ಮೇಲೆ ಅದೇ ವಿಭೂತಿ. ಮಾಸ್ತರರ ಪುಟಗಳಲ್ಲಿ ಶತ್ರುವಾಗಿ ಎಷ್ಟೋ ಸಲ ನಕ್ಕ ಮನುಷ್ಯ ಹತ್ತಿರದಿಂದ ಹೀಗೆ ಬಡಕಲಾಗಿ, ನಿದ್ದೆಗೆಟ್ಟ ಕಣ್ಣಿನವನಾಗಿ ಇದ್ದ. ಅವನು ಬಗ್ಗಿ ಅವರ ಕಾಲು ಮುಟ್ಟಿದ. ಏಳುವಾಗ ಕಿವಿಯ ಹತ್ತಿರ ತೀರಾ ಸಣ್ಣ ದನಿಯಲ್ಲಿ ಅಂದ:

"ಮಾವಾರ, ನಾ ಓದೇನ್ರಿ. ಏಳೂ ಕಂತು ಓದೇನಿ. ಆಕಿ ಓದಿಲ್ಲ. ಆಕಿ ಕಣ್ಣಿಗಿ ಬೀಳದಂಗ ಇಟ್ಟೇನಿ. ಒಳಗ ಬರ್ರಿ."

ಮಾಸ್ತರರು ಗೇಟು ದಾಟಿ ಒಳಗೆ ಬಂದರು. ಅಳಿಯ ಡಬ್ಬಿಯನ್ನು ತೆಗೆದುಕೊಂಡು ಅಡುಗೆಮನೆಗೆ ಹೋದ. ಹುಟ್ಟಿದಾಗಿನಿಂದ ಮಾಂಸ ಮುಟ್ಟದವನು, ಕೊರಳಲ್ಲಿ ಲಿಂಗ ಇದ್ದವನು, ಕೋಳಿ ಸಾರನ್ನು ಪಾತ್ರೆಗೆ ಸುರಿದು ಬಿಸಿಗೆ ಇಟ್ಟು, ಎಲುಬು ಒಂದೊಂದಾಗಿ ಆರಿಸಿ ತೆಗೆಯುತ್ತಿರುವುದು ಬಾಗಿಲಿನಿಂದ ಕಾಣುತ್ತಿತ್ತು. ಆ ಮುಚ್ಚಿದ ಬಾಗಿಲಿನ ಹಿಂದೆ ಒಂದು ಗಂಟೆ ಐವತ್ತು ನಿಮಿಷ ನಡೆಯುತ್ತಿದ್ದದ್ದು ಇಷ್ಟೇ.

ಒಳಕೋಣೆಯಲ್ಲಿ ಕಿಟಕಿ, ಮಂಚ, ಮಂಚದ ಪಕ್ಕದಲ್ಲಿ ಕುರ್ಚಿ. ನಿನ್ನೆ ಹಾಕಿದ್ದನ್ನು ಯಾರೂ ತೆಗೆದಿರಲಿಲ್ಲ. ಭಾನುವಾರವಾದ್ದರಿಂದ ಇವತ್ತು ಸ್ಕಾರ್ಫ್ ಇರಲಿಲ್ಲ. ಕೂದಲಿಲ್ಲದ ಸಣ್ಣ ತಲೆಯನ್ನು ದಿಂಬಿಗೆ ಒತ್ತಿ ಮಲಗಿದ್ದ ಶ್ಯಾರನ್ ಕಣ್ಣು ತೆರೆದಳು. ಮೊದಲು ತಲೆ ಮುಚ್ಚಿಕೊಳ್ಳಲು ಕೈ ಎತ್ತಿದಳು, ಎತ್ತಲಾಗದೆ ಬಿಟ್ಟಳು, ಆಮೇಲೆ ನಕ್ಕಳು.

"ಅಪ್ಪಾ... ಮಂಗನ ಟೊಪ್ಪಿಗಿ ಎಲ್ಲಿ?"

ಮಾಸ್ತರರು ಕುರ್ಚಿಯಲ್ಲಿ ಕುಳಿತುಕೊಂಡರು. ಅವಳ ಕೈ ತೆಗೆದುಕೊಂಡರು. ಅದರಲ್ಲಿ ತೂಕವೇ ಇರಲಿಲ್ಲ.

"ನೀ ಬಂದ ಮೊದಲನೇ ಶನಿವಾರ ಆದ ಮ್ಯಾಲ ನಾ ಅಳೂದು ಬಿಟ್ಟೆ, ಅಪ್ಪಾ," ಎಂದಳು ಅವಳು. ಪ್ರತಿ ಮಾತಿಗೂ ಉಸಿರು ಹುಡುಕಬೇಕಾಗಿತ್ತು. "ಕೆರಿ ಗಾಳ್ಯಾಗ ಅಷ್ಟೊತ್ತು ನಿಲ್ಲತಿದ್ದೆಲ್ಲಾ... ಥಂಡಿ ಆಗತೈತಿ ಅಂತ ಇವರು ಬೈತಿದ್ರು. ಐದು ಶನಿವಾರ ಬಂದಿ. ಐದೂ ಸಲ ಹೊರಗಿಂದ ಹೊಳ್ಳಿ ಹೋದಿ. ಒಳಗ ಯಾಕ ಬರಲಿಲ್ಲಪ್ಪಾ?"

ಬಿಸಿ ಸಾರಿನ ಬಟ್ಟಲು ಹಿಡಿದು ಬಸವಪ್ರಭು ಬಾಗಿಲಲ್ಲಿ ನಿಂತುಬಿಟ್ಟ. ಅವನ ಹಿಂದೆ ಶೈನಿ ಇದ್ದಳು. ತೊಂಬತ್ತನಾಲ್ಕು ಕಾದಂಬರಿಗಳಲ್ಲಿ ಮೃಗೇಂದ್ರನಿಗೆ ಎಂಥ ಇಕ್ಕಟ್ಟಿನಲ್ಲೂ ಒಂದು ಉತ್ತರ ಹೊಳೆಯುತ್ತಿತ್ತು. ಅವನನ್ನು ಬರೆದವರಿಗೆ ಈಗ ಒಂದೇ ಒಂದು ಮಾತು ಸಿಕ್ಕಿತು. ಆ ಐದು ಶನಿವಾರಗಳ ಮಟ್ಟಿಗೆ ಅದು ಸುಳ್ಳಾಗಿತ್ತು. ಆದರೆ ಈ ಭಾನುವಾರ, ಈ ಕುರ್ಚಿಯಲ್ಲಿ, ಅವರ ಬಳಿ ಇದ್ದ ಸತ್ಯ ಅದೊಂದೇ.

"ನಾಚಿಕಿ ಆಗತಿತ್ತವ್ವಾ..." ಎಂದರು ಮಾಸ್ತರರು. "ಭಾಳ ನಾಚಿಕಿ ಆಗತಿತ್ತು."

"ಹುಚ್ಚಪ್ಪಾ," ಶ್ಯಾರನ್ ಅವರ ಬೆರಳನ್ನು ಮೆಲ್ಲಗೆ ಒತ್ತಿದಳು. "ಮಗಳ ಮನಿಗಿ ಬರಾಕ ಎಂಥಾ ನಾಚಿಕಿ?"

ಅಳಿಯ ಬಟ್ಟಲನ್ನೂ ಚಮಚವನ್ನೂ ಮಾವನ ಕೈಗೆ ಕೊಟ್ಟ. ಮೊದಲ ಚಮಚ ಹೊದಿಕೆಯ ಮೇಲೆ ಚೆಲ್ಲಿತು. ಎರಡನೆಯದಕ್ಕೆ ಅವಳು ಬಾಯಿ ತೆರೆದಳು. ಶೈನಿ ಖಾಲಿ ಡಬ್ಬಿಯನ್ನು ತೊಳೆಯಲು ಒಳಗೆ ಹೋದಳು.